ತಟ್ಟೆಗೆ ಹಾಸದ ಕಾಗದ

ಪೆದ್ದಕ್ಕ, ನಿನ್ನ ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡನ್ನು ದೊಡ್ಡಮ್ಮ ರೇಷ್ಮೆ ಹುಳುವಿನ ತಟ್ಟೆಗೆ ಹಾಸಿರಲಿಲ್ಲ. ಅದು ತಿಪ್ಪೆಗೂ ಹೋಗಲಿಲ್ಲ, ಇಲಿಯೂ ಕಡಿಯಲಿಲ್ಲ. ಅದನ್ನು ಕದ್ದವಳು ನಾನು. ನೀವು ಮನೆಯೆಲ್ಲ ಜಾಲಾಡಿದ ಆ ಎರಡು ದಿನವೂ ಅದು ನನ್ನ ಹತ್ತಿರವೇ ಇತ್ತು — ಈಗಲೂ ಇದೆ. ಇದನ್ನು ಬರೆಯುತ್ತಿರುವ ಮೇಜಿನ ಮೇಲೆ, ನನ್ನ ಎಡಗೈಯ ಪಕ್ಕದಲ್ಲಿ.

ಬರೆದಾಯಿತು. ಇಷ್ಟು ಬರೆಯುವುದಕ್ಕೆ ನನಗೆ ಹದಿನಾರು ವರ್ಷ ಹಿಡಿಯಿತು. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ, ಎಲ್ಲಿ ನಿಲ್ಲಿಸಿದರೂ ಮತ್ತೆ ಹಿಡಿಯುವ ಧೈರ್ಯ ನನಗಿಲ್ಲ.

ಇದನ್ನು ನಿನ್ನ ಮಗಳು ಶ್ವೇತಾಳೂ ಓದಬೇಕು. ಅವಳಿಗೆ ಆಗ ಮೂರು ವರ್ಷ, ಏನೂ ನೆನಪಿರಲಾರದು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಅಷ್ಟಕ್ಕೆ ಬೇಸರ ಮಾಡಿಕೊಳ್ಳಬೇಡ — ಬೇಸರ ಮಾಡಿಕೊಳ್ಳುವುದಕ್ಕೆ ಮುಂದೆ ಬೇಕಾದಷ್ಟಿದೆ.

ಸಾದಲಿ ಹೋಬಳಿಯ ನಮ್ಮ ಹಳ್ಳಿಯಲ್ಲಿ, ಸತ್ತ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡದಿದ್ದರೆ ಅಜ್ಜಿ ಕನಸಿನಲ್ಲಿ ಬಂದು ಬೈಯುತ್ತಾಳೆ ಎಂದು ನಂಬಿಕೆ. ನಮ್ಮಜ್ಜಿ ತೀರಿಕೊಂಡ ವರ್ಷವೇ ಅವಳ ಇಬ್ಬರು ಮಕ್ಕಳಿಗೂ ಹೆಣ್ಣು ಹುಟ್ಟಿತು. ಅಣ್ಣನೂ ಬಿಟ್ಟುಕೊಡಲಿಲ್ಲ, ತಮ್ಮನೂ ಬಿಟ್ಟುಕೊಡಲಿಲ್ಲ; ಇಬ್ಬರಿಗೂ ವೆಂಕಟಲಕ್ಷ್ಮಮ್ಮ ಎಂದೇ ಹೆಸರಾಯಿತು. ಮನೆಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಐದು ತಿಂಗಳಿಗೆ ದೊಡ್ಡವಳಾದ ನೀನು ಪೆದ್ದಕ್ಕ, ನಾನು ಚಿನ್ನಕ್ಕ. ಶಾಲೆಯಲ್ಲಿ ಮೇಷ್ಟ್ರು ಅಪ್ಪಂದಿರ ಹೆಸರು ಸೇರಿಸಿ ಹಾಜರಿ ಕೂಗುತ್ತಿದ್ದರು — ನೀನು ಮುನಿಶಾಮಪ್ಪನ ಮಗಳು, ನಾನು ನಾರಾಯಣಪ್ಪನ ಮಗಳು.

ನನ್ನಮ್ಮ ಮೊದಲೇ ಹೋಗಿದ್ದಳು. ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪನೂ ಹೋದ. ಅಲ್ಲಿಂದ ಮುಂದೆ ನನಗೆ ನಿನ್ನಪ್ಪ ಅಮ್ಮನೇ ಅಪ್ಪ ಅಮ್ಮ. ರೇಷನ್ ಕಾರ್ಡ್ ಬರೆಯುವವರು ಮನೆಗೆ ಬಂದಾಗ ನನ್ನನ್ನು ತೋರಿಸಿ, ತಮ್ಮನ ಮಗಳು ಎಂದು ಬರೆಯಲೇ ಎಂದು ಕೇಳಿದರು. ದೊಡ್ಡಪ್ಪ ಸಿಟ್ಟಾದ. “ತಮ್ಮನ್ ಮಗ್ಳು ಅಂತ ಯಾಕ್ ಸ್ವಾಮಿ? ಮಗ್ಳು ಅಂತ್ಲೇ ಬರ್ಕಳಿ” ಎಂದ. ಬರೆದುಕೊಂಡರು. ನಿನಗೆ ಮದುವೆಯಾದ ಮೇಲೆ ಆ ಕಾರ್ಡಿನಿಂದ ನಿನ್ನ ಹೆಸರು ತೆಗೆದರು. ಉಳಿದದ್ದು ಒಬ್ಬಳೇ ವೆಂಕಟಲಕ್ಷ್ಮಮ್ಮ, ಮುನಿಶಾಮಪ್ಪನ ಮಗಳು. ದೊಡ್ಡಪ್ಪ ಪ್ರೀತಿಯಿಂದ ಬರೆಸಿದ ಆ ಒಂದು ಸಾಲನ್ನೇ ನಾನು ಮುಂದೆ ಮೆಟ್ಟಿಲು ಮಾಡಿಕೊಂಡೆ.

ಹತ್ತನೆಯದರಲ್ಲಿ ನೀನು ಪಾಸು, ನಾನು ಇಂಗ್ಲಿಷಿನಲ್ಲೂ ಲೆಕ್ಕದಲ್ಲೂ ಡುಮ್ಕಿ. ನೆನಪಿದೆಯೇ — ವೆಂಕಟಲಕ್ಷ್ಮಮ್ಮ ಪಾಸು ಎಂದು ಯಾರೋ ಹೇಳಿದ್ದನ್ನು ಕೇಳಿ ದೊಡ್ಡಪ್ಪ ಇಬ್ಬರೂ ಪಾಸೆಂದು ತಿಳಿದು ಊರಿಗೆಲ್ಲ ಕಲ್ಲುಸಕ್ಕರೆ ಹಂಚಿದ. ನಿಜ ಗೊತ್ತಾದ ಮೇಲೆ, “ಆಯ್ತು ಬಿಡಮ್ಮಿ, ಒಬ್ಳು ಪಾಸಾದ್ರೆ ಇಬ್ರೂ ಆದಂಗೇ” ಎಂದು ನನ್ನ ಬಾಯಿಗೂ ಒಂದು ತುಂಡು ಇಟ್ಟ. ಆ ಮಾತು ನನ್ನ ತಲೆಯಲ್ಲಿ ಎಲ್ಲೋ ಕೂತಿತ್ತೋ ಏನೋ. ಇಲ್ಲ, ಅದನ್ನು ಅವನ ಮೇಲೆ ಹಾಕಬಾರದು.

ನಿನ್ನನ್ನು ಕೆಂಚಾರ್ಲಹಳ್ಳಿಗೆ ಕೊಟ್ಟರು, ನನ್ನನ್ನು ಗೌರಿಬಿದನೂರಿಗೆ. ನನ್ನ ಸಂಸಾರ ಮೂರೇ ವರ್ಷ. ಅವನು ಇನ್ನೊಬ್ಬಳನ್ನು ಕರೆತಂದ ಮೇಲೆ ನಾನು ಒಂದು ಬ್ಯಾಗು ಹಿಡಿದುಕೊಂಡು ಊರಿಗೆ ವಾಪಸ್ಸು ಬಂದೆ. ಮನೆಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಆದರೆ ಊರಿಗೆ ಬಾಯಿದೆಯಲ್ಲ. ಸೊಪ್ಪು ಕೊಯ್ಯಲು ಹೋದಲ್ಲಿ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ — ನಾನು ‘ಬಿಟ್ಟೋಳು’. ಹುಳುಮನೆಯ ಮೂಲೆಯಲ್ಲಿ ಹಿಪ್ಪುನೇರಳೆ ಎಲೆ ಹೆಚ್ಚುತ್ತಾ ಹೆಚ್ಚುತ್ತಾ ಹೀಗೇ ಮುದುಕಿಯಾಗಿಬಿಡುತ್ತೇನೆ ಅನ್ನುವ ಹೆದರಿಕೆ ನನಗೆ ಹಗಲಲ್ಲೇ ಬರುತ್ತಿತ್ತು.

ಆಗ ಸಿಕ್ಕವರು ಚಿಂತಾಮಣಿಯ ಸರೋಜಮ್ಮ. ಮಸ್ಕತ್ತಿನಲ್ಲಿ ಒಂದು ಶಾಲೆಯಲ್ಲಿ ಆಯಾ ಆಗಿದ್ದರು, ರಜೆಗೆ ಬಂದಿದ್ದರು. ಅಲ್ಲಿ ಇನ್ನೊಬ್ಬ ಆಯಾ ಬೇಕಂತೆ. “ಹತ್ತನೇದು ಪಾಸಾಗಿರ್ಬೇಕು ಕಣಮ್ಮ. ಆಗಿಲ್ದಿದ್ರೆ ಪಾಸ್‌ಪೋರ್ಟ್‌ಗೆ ಒಂದು ಸೀಲ್ ಹಾಕ್ತಾರೆ, ಆಮೇಲೆ ಮೂವತ್ತು ವರ್ಷ ತುಂಬೋ ತಂಕ ನಿನ್ನ ಬಿಡಲ್ಲ. ನೀನು ಪಾಸು ತಾನೇ?” ಎಂದು ಕೇಳಿದರು.

ನನಗಾಗ ಇಪ್ಪತ್ತೆಂಟು. ಪಾಸು ಎಂದೆ.

ಒಂದು ಪದ. ಅವರು ಒಳ್ಳೆಯವರು, ನಂಬಿದರು. ಕಾಗದಗಳ ಪಟ್ಟಿ ಹೇಳಿದರು — ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಅಫಿಡವಿಟ್ಟು, ಫೋಟೊ. ಆ ಮಧ್ಯಾಹ್ನ ದೊಡ್ಡಮ್ಮ ತೋಟಕ್ಕೆ ಹೋದ ಮೇಲೆ ಅವಳ ಟ್ರಂಕು ತೆಗೆದೆ. ನಿನ್ನ ಮದುವೆಯ ಸೀರೆಯ ಖಾಲಿ ಡಬ್ಬದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ನಿನ್ನ ಮಾರ್ಕ್ಸ್ ಕಾರ್ಡು ಇತ್ತು. ಆಗಿನ ಕಾರ್ಡಿನಲ್ಲಿ ಫೋಟೊ ಇರುತ್ತಿರಲಿಲ್ಲ. ಹೆಸರು ನನ್ನದೇ. ಅಪ್ಪನ ಹೆಸರು, ರೇಷನ್ ಕಾರ್ಡಿನ ಪ್ರಕಾರ, ನನ್ನದೇ. ಹುಟ್ಟಿದ ದಿನ ಮಾತ್ರ ಐದು ತಿಂಗಳು ಹಿಂದಕ್ಕೆ.

ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಬಸ್ಸು ಹತ್ತಿದರೆ ಕೆಂಚಾರ್ಲಹಳ್ಳಿ ಎಷ್ಟು ದೂರ? ಕೇಳಲಿಲ್ಲ. ನೀನು ಇಲ್ಲ ಎನ್ನುತ್ತೀಯ ಎಂದಲ್ಲ. ಹತ್ತನೆಯದನ್ನು ಪಾಸು ಮಾಡಿದವಳ ಮುಂದೆ, ಗಂಡ ಮನೆ ಮಗು ಎಲ್ಲ ಇದ್ದವಳ ಮುಂದೆ, ಏನೂ ಇಲ್ಲದ ನಾನು ಹೋಗಿ ನಿನ್ನ ಪಾಸನ್ನೂ ಕೊಡು ಎಂದು ಕೈಯೊಡ್ಡಬೇಕಲ್ಲ — ಅದಕ್ಕಿಂತ ಕಳ್ಳತನ ಸುಲಭ ಅನ್ನಿಸಿತು. ನನ್ನ ಅಭಿಮಾನ ಅಂಥದ್ದು.

ಜಿಲ್ಲೆ ಹೊಸದಾಗಿ ಆದ ಮರುವರ್ಷ ಅದು. ಚಿಕ್ಕಬಳ್ಳಾಪುರದಲ್ಲಿ ಎಲ್ಲಿ ನೋಡಿದರೂ ಕಚೇರಿಗಳ ಹೊಸ ಬೋರ್ಡು. ಕೋರ್ಟಿನ ಹೊರಗೆ ಮರದ ಕೆಳಗೆ ಒಬ್ಬ ವಯಸ್ಸಾದ ಟೈಪಿಸ್ಟು ಕೂತಿದ್ದರು, ಅವರ ಹತ್ತಿರ ಅಫಿಡವಿಟ್ ಮಾಡಿಸಲು ಹೋದೆ. ನನ್ನ ಹೆಸರು ಕೇಳಿದರು, ಹೇಳಿದೆ. ಊರು ಕೇಳಿದರು, ಹೇಳಿದೆ. ಆಮೇಲೆ ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಅಪ್ಪನ ಹೆಸರು ಕೇಳಿದರು.

“ಅಪ್ಪನ್ ಹೆಸ್ರು ಹೇಳಕ್ಕೂ ಯೋಚ್ನೆ ಮಾಡ್ಬೇಕೇನಮ್ಮ?” ಎಂದು ಅವರು ನಕ್ಕರು.

ಮುನಿಶಾಮಪ್ಪ ಎಂದೆ. ಟಕಟಕ ಎಂದು ಹೊಡೆದರು. ನನ್ನಪ್ಪ ನಾರಾಯಣಪ್ಪ ಅಲ್ಲಿಗೆ ಕಾಗದದಿಂದ ಹೋದ. ಅವನು ಎರಡನೆಯ ಸಲ ಸತ್ತದ್ದು ಚಿಕ್ಕಬಳ್ಳಾಪುರದ ಹುಣಸೆ ಮರದ ಕೆಳಗೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಹಿ ಹಾಕುವಾಗ ಕೈ ಬೆವೆತು ಇಂಕು ಹರಡಿತು, ಇನ್ನೊಂದು ಸಲ ಟೈಪು ಮಾಡಬೇಕಾಯಿತು.

ಮಸ್ಕತ್ತಿನಲ್ಲಿ ಕೆಲಸ ಸಿಗುತ್ತದೆ ಎಂದಷ್ಟೇ ಮನೆಯಲ್ಲಿ ಹೇಳಿ, ಬೆಂಗಳೂರಿನಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬಂದೆ. ಅಲ್ಲಿ ಅಸಲು ಕಾರ್ಡನ್ನು ಒಂದು ಸಲ ನೋಡಿ, ಜೆರಾಕ್ಸ್ ಇಟ್ಟುಕೊಂಡು, ವಾಪಸ್ಸು ಕೊಟ್ಟರು. ಇದನ್ನು ನೆನಪಿಟ್ಟುಕೋ ಪೆದ್ದಕ್ಕ, ಇದು ಮುಂದೆ ಬೇಕಾಗುತ್ತದೆ. ವಾಪಸ್ಸು ಕೊಟ್ಟರು. ಅವತ್ತೇ ಅದನ್ನು ಸೀರೆಯ ಡಬ್ಬದಲ್ಲಿ ಇಟ್ಟುಬಿಟ್ಟಿದ್ದರೆ ಈ ಕಾಗದವೇ ಬೇಕಿರಲಿಲ್ಲ. ಆದರೆ ಪಾಸ್‌ಪೋರ್ಟ್ ಬರುವ ತನಕ ಪೊಲೀಸರೋ ಮತ್ತೊಬ್ಬರೋ ಮತ್ತೆ ಕೇಳಿದರೆ ಎಂದು ನನ್ನ ಹತ್ತಿರವೇ ಇಟ್ಟುಕೊಂಡೆ. ಹುಳುಮನೆಯಲ್ಲಿ, ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳನ್ನು ಗೋಡೆಗೆ ಒರಗಿಸಿದ್ದೆವಲ್ಲ, ಅವುಗಳ ಹಿಂದೆ.

ಹದಿನೈದು ದಿನಕ್ಕೆ ಪೊಲೀಸಿನವರು ವಿಚಾರಣೆಗೆ ಬಂದರು. ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಅರ್ಜಿ ತಿರುವಿ ಹಾಕಿ, “ಏನ್ ಯಜಮಾನ್ರೇ, ಈಕೆ ನಿಮ್ಮ ಮಗಳೇ ತಾನೇ?” ಎಂದು ಕೇಳಿದರು.

ದೊಡ್ಡಪ್ಪ ನೆಟ್ಟಗೆ ಕೂತ. “ನನ್ ಮಗ್ಳೇ ಸ್ವಾಮಿ. ಯಾವನಾದ್ರೂ ಅಲ್ಲ ಅಂದ್ನಾ? ಅಂದೋನ್ನ ಕರ್ಕೊಂಬನ್ನಿ ನನ್ ಮುಂದೆ” ಎಂದ. ಪೊಲೀಸಿನವರು ನಗುತ್ತಾ ಅವನ ಸಹಿ ಹಾಕಿಸಿಕೊಂಡರು. ಅವನು ಒಂದೊಂದೇ ಅಕ್ಷರವನ್ನು ಕೊರೆದು ಕೊರೆದು ಬರೆದ. ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಒಂದು ಸುಳ್ಳು ಹೇಳದವನ ಕೈಯಲ್ಲಿ ನಾನು ಪೊಲೀಸಿನ ಮುಂದೆ ಸುಳ್ಳು ಬರೆಸಿದೆ, ಅದೂ ಅವನ ಅತ್ಯಂತ ನಿಜವಾದ ಮಾತಿನಿಂದ. ಆಮೇಲೆ ಅವನು ಒಳಗೆ ಬಂದು, “ಎಂಥೆಂಥ ಪ್ರಶ್ನೆ ಕೇಳ್ತಾರಮ್ಮಿ ಇವ್ರು” ಎಂದು ನನ್ನ ತಲೆ ಸವರಿದ.

ನೀನು ಬಂದದ್ದು ಅದಾದ ವಾರಕ್ಕೆ. ಶ್ವೇತಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದೆ, ಆದರೂ ಮುಖದ ತುಂಬ ನಗು. “ನಮ್ಮೂರ ಅಂಗನವಾಡಿ ಟೀಚರಮ್ಮ ರಿಟೈರಾದ್ರು ಕಣೇ ಚಿನ್ನಕ್ಕ! ಅದೇ ಊರಿನ ಸೊಸೇನೇ ಆಗ್ಬೇಕಂತೆ, ಹತ್ತನೇದು ಪಾಸಾಗಿರ್ಬೇಕಂತೆ. ನಮ್ಮೂರಾಗೆ ಪಾಸಾಗಿರೋ ಸೊಸೇರು ನಾನೂ ನಮ್ ಬೀದಿ ಇನ್ನೊಬ್ಳೂ, ಇಬ್ರೇ ಇರೋದು. ನನ್ ಮಾರ್ಕ್ಸೇ ಜಾಸ್ತಿ” ಎಂದೆ. ಅರ್ಜಿ ಹಾಕಲು ಇನ್ನು ಎಂಟು ದಿನವಿತ್ತು. ಅಸಲು ಮಾರ್ಕ್ಸ್ ಕಾರ್ಡು ಬೇಕಿತ್ತು.

ನನ್ನ ಕೈಯಲ್ಲಿದ್ದ ಎಲೆಯ ಬುಟ್ಟಿ ಕೆಳಗೆ ಬಿತ್ತು. ನೀನೇ ಬಗ್ಗಿ ಆರಿಸಿಕೊಟ್ಟೆ.

ಟ್ರಂಕು ತೆಗೆದಿರಿ. ಡಬ್ಬ ಖಾಲಿ. ಟ್ರಂಕನ್ನೇ ಬೋರಲು ಹಾಕಿ ಕೊಡವಿದಿರಿ. ಅಟ್ಟ, ದೇವರ ಗೂಡು, ರಾಗಿ ಡ್ರಮ್ಮಿನ ಹಿಂದೆ, ದೊಡ್ಡಪ್ಪನ ಹಳೆಯ ಕೋಟಿನ ಜೇಬು — ನಾನೂ ನಿಮ್ಮ ಜೊತೆ ಹುಡುಕಿದೆ. ನಿನಗಿಂತ ಜೋರಾಗಿ ಹುಡುಕಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ನನ್ನದು ಹಾಗೂ ಇರಲಿಲ್ಲ, ಅದು ಪೂರ್ತಿ ಹೆಪ್ಪುಗಟ್ಟಿ ಹೋಗಿತ್ತು. ಒಂದೇ ಯೋಚನೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು — ಇವಳು ಈ ಕಾರ್ಡನ್ನು ತೆಗೆದುಕೊಂಡು ಹೋಗಿ ಸರ್ಕಾರಕ್ಕೆ ಕೊಡುತ್ತಾಳೆ, ಅಲ್ಲಿ ನಂಬರು ನೋಡುತ್ತಾರೆ, ಇದೇ ನಂಬರಿನ ಇನ್ನೊಬ್ಬ ವೆಂಕಟಲಕ್ಷ್ಮಮ್ಮ ಪಾಸ್‌ಪೋರ್ಟ್ ಕೇಳಿದ್ದಾಳೆಂದು ಗೊತ್ತಾಗುತ್ತದೆ, ಪೊಲೀಸಿನವರು ಬರುತ್ತಾರೆ, ಸಹಿ ಹಾಕಿದ ದೊಡ್ಡಪ್ಪನಿಗೆ ಕೋಳ ಹಾಕುತ್ತಾರೆ...

ಈಗ ಹೇಳಿದರೆ ನಗು ಬರಬಹುದು. ಚಿಂತಾಮಣಿಯ ತಾಲ್ಲೂಕು ಕಚೇರಿಗೆ ನೀನು ಕೊಡುವ ಅಂಗನವಾಡಿ ಅರ್ಜಿಗೂ ಬೆಂಗಳೂರಿನ ಪಾಸ್‌ಪೋರ್ಟಿಗೂ ಏನು ಸಂಬಂಧ? ಏನೂ ಇಲ್ಲ. ಅವರ ಕಾಗದವನ್ನು ಇವರು ನೋಡುತ್ತಿರಲಿಲ್ಲ, ಇವರದನ್ನು ಅವರು ನೋಡುತ್ತಿರಲಿಲ್ಲ. ಜೆರಾಕ್ಸ್ ಕೊಟ್ಟಾಗಿತ್ತು, ನನಗೆ ಅಸಲಿನ ಕೆಲಸ ಮುಗಿದಿತ್ತು. ಆ ಸಂಜೆ ನೀವು ಹಿತ್ತಲಿನಲ್ಲಿದ್ದಾಗ ಅದನ್ನು ಮೆಲ್ಲಗೆ ಟ್ರಂಕಿನ ಹಿಂದೆ ಸರಿಸಿದ್ದರೆ ನಿನಗೆ ಕೆಲಸ ಸಿಗುತ್ತಿತ್ತು, ನಾನೂ ಮಸ್ಕತ್ತಿಗೆ ಹೋಗುತ್ತಿದ್ದೆ. ನಮ್ಮಿಬ್ಬರಿಗೂ ಆಗುತ್ತಿತ್ತು ಪೆದ್ದಕ್ಕ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅಲ್ಲಿಯ ಶಾಲೆಯ ಅಂಗಳದಲ್ಲಿ ಮಕ್ಕಳ ಚಪ್ಪಲಿ ಜೋಡಿಸುತ್ತಿದ್ದಾಗ, ಇದ್ದಕ್ಕಿದ್ದ ಹಾಗೆ. ಅಲ್ಲೇ ಕೂತುಬಿಟ್ಟೆ.

ಎರಡನೆಯ ದಿನ ಬೆಳಿಗ್ಗೆ ದೊಡ್ಡಪ್ಪ, “ಹುಳ ಹಣ್ಣಾಗ್ತಾ ಐತೆ, ಚಂದ್ರಂಕಿ ಇಳಿಸ್ರಮ್ಮ” ಎಂದ. ನಾನು ಮೊದಲು ಓಡಿ, ಹಿಂದೆ ಇದ್ದ ಕವರನ್ನು ಎಳೆದು ಸೀರೆಯ ನೆರಿಗೆಯೊಳಗೆ, ಹೊಟ್ಟೆಗೆ ಸಿಕ್ಕಿಸಿಕೊಂಡೆ. ಆಮೇಲೆ ದಿನವೆಲ್ಲ ನಿನ್ನ ಮಾರ್ಕ್ಸ್ ಕಾರ್ಡನ್ನು ಹೊಟ್ಟೆಗೆ ಕಟ್ಟಿಕೊಂಡು ನಿನ್ನ ಮಾರ್ಕ್ಸ್ ಕಾರ್ಡನ್ನು ಹುಡುಕಿದೆ. ಬಗ್ಗಿದರೆ ಪ್ಲಾಸ್ಟಿಕ್ಕು ಚರಚರ ಎನ್ನುತ್ತಿತ್ತು. ನೀನು ನನ್ನ ಹಣೆ ಮುಟ್ಟಿ ನೋಡಿದೆ. “ಯಾಕೇ ಹಿಂಗ್ ಬೆವರ್ತಿದ್ದೀಯ? ನೀನ್ ಕುತ್ಕೋ, ನಾನ್ ನೋಡ್ತೀನಿ” ಎಂದು ಚೊಂಬಿನಲ್ಲಿ ನೀರು ತಂದುಕೊಟ್ಟೆ. ಆ ನೀರನ್ನು ನಾನು ಕುಡಿದೆ.

ಮಧ್ಯಾಹ್ನ ನಿನಗೊಂದು ಉಪಾಯ ಹೊಳೆಯಿತು. “ನಿನ್ ಬ್ಯಾಗ್ನಾಗೂ ಒಂದ್ಸಲ ನೋಡಣ ಕಣೇ. ಒಂದೇ ಹೆಸ್ರಲ್ವಾ, ಯಾರಾದ್ರೂ ನಿಂದೇ ಅಂತ ಅದ್ರಾಗೆ ಇಟ್ಟಿರ್ತಾರೆ” ಎಂದು ನನ್ನ ಬ್ಯಾಗಿನ ಕಡೆ ಕೈ ಹಾಕಿದೆ. ನಿನ್ನ ಮಾತಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಆದರೆ ಆ ಬ್ಯಾಗಿನಲ್ಲಿ ಅಫಿಡವಿಟ್ಟು ಇತ್ತು. ಅರ್ಜಿಯ ನಕಲು ಇತ್ತು. ಅದರಲ್ಲಿ ನಿನ್ನ ಹುಟ್ಟಿದ ದಿನ, ನಿನ್ನಪ್ಪನ ಹೆಸರು ಇತ್ತು. ಜಿಪ್ಪಿನ ಮೇಲೆ ನಿನ್ನ ಬೆರಳು.

ಆಗ ನಾನು ಆ ಮಾತು ಆಡಿದೆ. ನಿನ್ನ ಕಡೆ ತಿರುಗಿ ಅಲ್ಲ, ದೊಡ್ಡಮ್ಮನ ಕಡೆ ತಿರುಗಿ.

“ದೊಡ್ಡಮ್ಮ, ಹೋದ್ ಬೆಳೇಗೆ ತಟ್ಟೆಗೆ ಹಾಸಕ್ಕೆ ಹಳೇ ಪೇಪರು ತಂದ್ಯಲ್ಲ... ಟ್ರಂಕ್ನಾಗಿಂದ ತಾನೇ ತಂದಿದ್ದು?”

ನಿನ್ನ ಕೈ ಜಿಪ್ಪಿನ ಮೇಲಿಂದ ಜಾರಿತು. ನನಗೆ ಬೇಕಾದದ್ದು ಅಷ್ಟೇ.

ಶ್ವೇತಾ, ನಿನಗೆ ಇದು ಗೊತ್ತಿರಲಿ: ಮರಿಹುಳುವಿನ ತಟ್ಟೆಗೆ ಕೆಳಗೆ ಹಳೆಯ ಕಾಗದ ಹಾಸುತ್ತಿದ್ದೆವು. ಹುಳು ಅದರ ಮೇಲೆಯೇ ತಿಂದು, ಹಿಕ್ಕೆ ಹಾಕಿ, ಪೊರೆ ಬಿಡುವ ಜ್ವರಕ್ಕೆ ಕೂತು ಏಳುತ್ತವೆ. ತಟ್ಟೆ ಬದಲಿಸುವಾಗ ಆ ಕಾಗದವನ್ನು ಕಸದ ಸಮೇತ ಸುತ್ತಿ ತಿಪ್ಪೆಗೆ ಹಾಕುತ್ತೇವೆ. ನಿನ್ನ ಅಜ್ಜಿಗೆ ಓದಲು ಬರುವುದಿಲ್ಲ. ಅವಳು ಹೋದ ಬೆಳೆಗೆ ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರುಗಳನ್ನು ತೆಗೆದು ತಟ್ಟೆಗೆ ಹಾಸಿದ್ದು ನಿಜ. ನಾನು ಕಂಡಿದ್ದೆ. ಒಂದು ನಿಜದ ಬಾಲಕ್ಕೆ ನನ್ನ ಸುಳ್ಳನ್ನು ಕಟ್ಟಿದೆ.

ದೊಡ್ಡಮ್ಮನ ಮುಖ ನೋಡುತ್ತಿದ್ದ ಹಾಗೆಯೇ ಬಣ್ಣ ಕಳೆದುಕೊಂಡಿತು. “ಹೂಂ ಕಣಮ್ಮಿ... ಟ್ರಂಕಿಂದ್ಲೇ... ಒಂದು ದಪ್ಪದು ಇತ್ತು ಅನ್ಸುತ್ತೆ... ಅಯ್ಯೋ ದೇವುಡಾ, ನಾನೇನ್ ಮಾಡ್ಬಿಟ್ನಮ್ಮ!” ಎಂದಳು. ದಪ್ಪದ್ದು ಯಾವುದೂ ಇರಲಿಲ್ಲ ಪೆದ್ದಕ್ಕ. ಅವಳು ತನ್ನ ತಪ್ಪನ್ನು ತಾನೇ ನೆನಪು ಮಾಡಿಕೊಂಡಳು. ನಾನು ಅಲ್ಲೇ ನಿಂತು ನೋಡಿದೆ.

ಅವಳು ತಿಪ್ಪೆಗುಂಡಿಗೆ ಓಡಿದಳು. ಗುದ್ದಲಿಯನ್ನೂ ತೆಗೆದುಕೊಳ್ಳಲಿಲ್ಲ, ಎರಡೂ ಕೈಯಿಂದ ಬಗೆದಳು. ಕೊಳೆತ ಎಲೆ, ಹಿಕ್ಕೆ, ಕಪ್ಪಾದ ಪೇಪರಿನ ಚೂರು. ಒಂದೊಂದು ಚೂರನ್ನೂ ಸೆರಗಿಗೆ ಒರೆಸಿ ನಿನ್ನ ಕಡೆ ಚಾಚಿ, “ಇದಾ? ಇದಾ ನೋಡಮ್ಮ?” ಎಂದು ಕೇಳಿದಳು. ನೀನು ಅಳುತ್ತಾ ಅವಳನ್ನು ಎಳೆದು ಮೇಲೆ ತಂದೆ. ಆಗ ನಿನ್ನ ಬಾಯಿಂದ ಒಂದು ಮಾತು ಬಂತು. ನಿನಗೆ ಅದು ಮರೆತಿರಬಹುದು.

“ಓದಕ್ ಬರಲ್ಲ ಅಂದ್ಮೇಲೆ ಯಾರ್ನಾದ್ರೂ ಕೇಳ್ಬೇಕು ತಾನೇ ಅಮ್ಮ!”

ಅಷ್ಟೇ. ನೀನು ನಿನ್ನಮ್ಮನಿಗೆ ಗಟ್ಟಿಯಾಗಿ ಆಡಿದ ಮಾತು ನನಗೆ ಗೊತ್ತಿರುವ ಹಾಗೆ ಅದೊಂದೇ. ಅದನ್ನು ನಿನ್ನ ಬಾಯಿಗೆ ತಂದಿಟ್ಟವಳು ನಾನು.

ನೀನು ನಮ್ಮ ಹಳೆಯ ಶಾಲೆಗೆ ಹೋದೆ. ನಕಲು ಬೇಕಾದರೆ ಪೊಲೀಸಿಗೆ ದೂರು ಕೊಟ್ಟು, ಬೆಂಗಳೂರಿಗೆ ಬರೆದು, ತಿಂಗಳುಗಟ್ಟಲೆ ಕಾಯಬೇಕು ಎಂದರು. ಕೊನೆಯ ದಿನ ಬಂದು ಹೋಯಿತು. ಕೆಲಸ ನಿಮ್ಮ ಬೀದಿಯ ಇನ್ನೊಬ್ಬ ಸೊಸೆಗೆ ಆಯಿತು. ಅವಳಿಗೆ ಅರವತ್ತು ತುಂಬುವ ತನಕ ಆ ಜಾಗ ಖಾಲಿಯಾಗುವುದಿಲ್ಲ. ನೀನು ನೂಲು ಬಿಚ್ಚಾಣಿಕೆಗೆ ಸೇರಿದೆ. ಬೆಳಗಿನಿಂದ ಸಂಜೆಯವರೆಗೆ ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುವ ಕೆಲಸ.

ನನ್ನ ಪಾಸ್‌ಪೋರ್ಟ್ ಬಂತು. ಹೊರಡುವ ದಿನ ದೊಡ್ಡಮ್ಮ ಹುರುಳಿಕಾಳಿನ ಚಟ್ನಿಪುಡಿ ಕಟ್ಟಿಕೊಟ್ಟಳು. ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪುಟ ತಿರುವಿ ಅಪ್ಪನ ಹೆಸರು ಕೇಳಿದ. ಈ ಸಲ ಯೋಚನೆ ಮಾಡಲಿಲ್ಲ. ಆದರೆ ಸೀಲು ಬೀಳುವ ತನಕ ಹೆದರಿ ಅವನ ಕೈಯನ್ನೇ ನೋಡುತ್ತಾ ನಿಂತಿದ್ದೆ. ಆಮೇಲೆ ಹದಿನೈದು ವರ್ಷ ಹಾಗೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇ ನನ್ನ ಬದುಕಾಯಿತು. ಶಾಲೆಯ ಆಫೀಸಿನಿಂದ ಕರೆ ಬಂದರೆ ಮೊದಲು ನನ್ನ ಪೆಟ್ಟಿಗೆಯ ಬೀಗ ನೋಡಿ ಹೋಗುತ್ತಿದ್ದೆ. ಊರಿನಿಂದ ಫೋನ್ ಬಂದರೆ ಗೊತ್ತಾಗಿಹೋಯಿತು ಅನ್ನಿಸುತ್ತಿತ್ತು. ನಿನ್ನ ಕಾರ್ಡನ್ನು ಹರಿದು ಹಾಕಲೂ ಹೆದರಿಕೆ, ಇಟ್ಟುಕೊಳ್ಳಲೂ ಹೆದರಿಕೆ. ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆ.

ನಾಲ್ಕನೆಯ ವರ್ಷ ದೊಡ್ಡಪ್ಪ ಹೋದ. ಅಲ್ಲಿ ಹೆತ್ತವರು ಸತ್ತರೆ ಮಾತ್ರ ರಜೆ. ನನ್ನ ಕಾಗದ ನೋಡಿ, ತಂದೆ ಮುನಿಶಾಮಪ್ಪ ಎಂದು ಓದಿ, ಆ ದಿನವೇ ರಜೆ ಕೊಟ್ಟರು. ನಾನು ಬಂದು ಅವನ ಪಾದದ ಹತ್ತಿರ ಕೂತು ಅತ್ತದ್ದನ್ನು ಕಂಡು ಊರಿನವರು, ಹೆತ್ತ ಮಗಳು ಕೂಡ ಹೀಗೆ ಅಳುವುದಿಲ್ಲ ಎಂದರು. ಅದು ಹೆದರಿಕೆಯ ಅಳು ಎಂದು ಯಾರಿಗೆ ಗೊತ್ತಿತ್ತು? ಹೇಳುವುದಾದರೆ ಅವನಿಗೆ ಮೊದಲು ಹೇಳಬೇಕಾಗಿತ್ತು, ಅದು ತಪ್ಪಿಹೋಯಿತು.

ಹೋದ ವರ್ಷ ಎಲ್ಲ ಮುಗಿಸಿ ಬಂದು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದೆ. ದೊಡ್ಡಮ್ಮ ನಿನ್ನ ಮನೆಯಲ್ಲಿದ್ದಾಳೆ. ಹೋದ ಭಾನುವಾರ ನಿಮ್ಮನ್ನು ನೋಡಲು ಬಂದೆನಲ್ಲ — ನೀನು ಕಾಫಿ ಲೋಟ ಕೊಟ್ಟಾಗ ನಿನ್ನ ಬೆರಳುಗಳನ್ನು ನೋಡಿದೆ. ತುದಿಯೆಲ್ಲ ಬೆಳ್ಳಗೆ ಬೆಂದು, ಸಿಪ್ಪೆ ಎದ್ದು, ಉಗುರು ಮೆತ್ತಗಾಗಿತ್ತು. ನನ್ನ ಕೈಯ ನುಣುಪು ನನಗೇ ಅಸಹ್ಯವಾಯಿತು.

ಆಮೇಲೆ ದೊಡ್ಡಮ್ಮ ಮಂಚದ ಕೆಳಗಿನಿಂದ ಒಂದು ಚೀಲ ಎಳೆದಳು. ಅದರ ತುಂಬ ಕಾಗದ. ಮದುವೆಯ ಕರೆಯೋಲೆ, ಮಾತ್ರೆಯ ಡಬ್ಬ, ಚುನಾವಣೆಯ ಚೀಟಿ, ಬಸ್ಸಿನ ಟಿಕೆಟ್ಟು, ಕಡಲೆಕಾಯಿ ಕಟ್ಟಿದ ಪೇಪರು. ನೀನು ಒಳಗಿನಿಂದ ನಗುತ್ತಾ, “ಅಮ್ಮಂಗೆ ಅದೊಂದು ಹುಚ್ಚು ಕಣೇ. ಒಂದು ಚೂರು ಕಾಗ್ದ ಬಿಸಾಕಲ್ಲ, ಯಾರಾದ್ರೂ ಓದಿ ಹೇಳ್ಬೇಕು” ಎಂದೆ. ಯಾವಾಗಿನಿಂದ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

“ನೀನ್ ಬಂದ್ಯಲ್ಲ, ಪುರಸೊತ್ತಾಗಿದ್ದೀಯ. ಓದ್ಕೊಡಮ್ಮಿ” ಎಂದು ಅವಳು ಒಂದೊಂದೇ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ನನ್ನ ಕೈಗೆ ಕೊಟ್ಟಳು. “ಇದ್ರಾಗೆ ಏನಾದ್ರೂ ಬರ್ದೈತಾ ಚಿನ್ನಕ್ಕ? ಬಿಸಾಕ್ಬೋದಾ?”

ಏನೂ ಇಲ್ಲ ದೊಡ್ಡಮ್ಮ, ಬಿಸಾಕಬಹುದು ಎಂದೆ. ಇನ್ನೊಂದು ಕೊಟ್ಟಳು. ಏನೂ ಇಲ್ಲ ಎಂದೆ. ಹೀಗೆ ಒಂದು ಗಂಟೆ. ಚೀಲ ಖಾಲಿಯಾಗುತ್ತಾ ಬಂತು. ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು, ಅವತ್ತು ಕೊಡಲೆಂದೇ ತಂದಿದ್ದೆ — ಕೊಡಲಿಲ್ಲ. ಕೊನೆಯ ಬಸ್ಸಿಗೆ ತಡವಾಯಿತು ಎಂದು ಎದ್ದು ಬಂದುಬಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಅದಕ್ಕೇ ಇದನ್ನು ಬರೆದು ಮೊದಲು ಅಂಚೆಗೆ ಹಾಕುತ್ತಿದ್ದೇನೆ, ಮತ್ತೆ ತಪ್ಪಿಸಿಕೊಳ್ಳಲು ದಾರಿ ಇರಬಾರದು ಎಂದು. ಪಾಸ್‌ಪೋರ್ಟಿನವರಿಗೂ ನಡೆದದ್ದನ್ನು ಬರೆದಿದ್ದೇನೆ. ತಪ್ಪು ನನ್ನೊಬ್ಬಳದೇ, ಸಹಿ ಹಾಕಿದ ಹಿರಿಯನಿಗೆ ಏನೂ ಗೊತ್ತಿರಲಿಲ್ಲ ಎಂದು ಅದರಲ್ಲಿದೆ. ಅವರು ಏನು ಮಾಡುತ್ತಾರೋ ಮಾಡಲಿ. ಹೆದರಿಕೆ ಇಲ್ಲ ಎನ್ನಲಾರೆ, ತುಂಬ ಇದೆ. ಆದರೆ ಅವರಿಗಿಂತ ನಿನ್ನ ಮುಖಕ್ಕೆ ಹೆಚ್ಚು ಹೆದರುತ್ತಿದ್ದೇನೆ, ನಿನಗಿಂತ ದೊಡ್ಡಮ್ಮನಿಗೆ.

ನೀನು ಕ್ಷಮಿಸಬೇಕೆಂದು ಬರೆದಿಲ್ಲ. ಬಾಗಿಲು ಹಾಕಿಕೊಂಡರೂ ಸರಿ, ಹೊರಗೆ ಜಗಲಿಯ ಮೇಲೆ ಕೂರುತ್ತೇನೆ. ಒಂದೇ ಒಂದು ಕೇಳಿಕೊಳ್ಳುತ್ತೇನೆ — ದೊಡ್ಡಮ್ಮನಿಗೆ ನೀನು ಹೇಳಬೇಡ, ಅದನ್ನು ನನಗೆ ಬಿಡು. ಈ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವಳ ಮುಂದೆ ಕೂತು ಕಾರ್ಡನ್ನು ಅವಳ ಕೈಗೆ ಇಡುತ್ತೇನೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ಇದರಲ್ಲಿ ಏನಾದರೂ ಬರೆದಿದೆಯೇ ಎಂದು ಕೇಳುತ್ತಾಳೆ.

ಓದಿ ಹೇಳುತ್ತೇನೆ. ವೆಂಕಟಲಕ್ಷ್ಮಮ್ಮ. ತಂದೆ, ಮುನಿಶಾಮಪ್ಪ. ತೇರ್ಗಡೆ. ಇದು ನಿನ್ನ ಮಗಳದು ದೊಡ್ಡಮ್ಮ, ನೀನು ಇದನ್ನು ಎಲ್ಲೂ ಹಾಸಿರಲಿಲ್ಲ.